ಸಾಲವಿದೆ, ಆದಾಯ ಕಡಿಮೆ: ಬಾಡಿಗೆ ಮನೆ ಸಿಗುವುದು ಹೇಗೆ?



ಕ್ರಿಸ್ತಜಯಂತಿ ಹತ್ತಿರ ಬಂದಂತೆ ನಮ್ಮ ಮನೆಗಳಲ್ಲಿ ಗೋದಲಿ ಸಿದ್ಧವಾಗುತ್ತದೆ. ಮಕ್ಕಳು ಹುಲ್ಲು ಹಾಸುತ್ತಾರೆ, ದೊಡ್ಡವರು ದೀಪದ ಸರ ಕಟ್ಟುತ್ತಾರೆ. ಆ ಗೋದಲಿ ನಮ್ಮ ಮನೆಗೆ ಬಂದದ್ದು ಒಂದು ಕುಟುಂಬಕ್ಕೆ ಇಳಿದುಕೊಳ್ಳಲು ಬೇರೆ ಜಾಗ ಸಿಗದ ಕಾರಣದಿಂದ. ತುಂಬು ಗರ್ಭಿಣಿ ಮರಿಯಮ್ಮನವರನ್ನು ಕರೆದುಕೊಂಡು ಬೆತ್ಲೆಹೇಮಿಗೆ ಬಂದ ಜೋಸೆಫರಿಗೆ ಛತ್ರದಲ್ಲಿ ಸ್ಥಳವಿರಲಿಲ್ಲ. ಇಂದು ಕಾರಟಗಿಯ ಓಣಿಗಳಲ್ಲಿ "ಮನಿ ಖಾಲಿ ಐತೇನ್ರಿ?" ಎಂದು ಕೇಳುತ್ತಾ ತಿರುಗುವ ಕುಟುಂಬಗಳನ್ನು ನಾವು ಕಂಡಿದ್ದೇವೆ. ನಮ್ಮಲ್ಲಿ ಕೆಲವರು ಹಾಗೆ ತಿರುಗಿದವರೇ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದರು ಹಿರಿಯರು. ಕೈಯಲ್ಲಿ ಕಾಸು ಕಡಿಮೆ, ತಲೆಯ ಮೇಲೆ ಸಾಲ ಇದ್ದಾಗ ಬಾಡಿಗೆ ಮನೆ ಹುಡುಕುವುದೂ ಅದಕ್ಕಿಂತ ಹಗುರವಾದ ಕೆಲಸವಲ್ಲ.

ಇಂಥ ಕುಟುಂಬ ಏನು ಮಾಡಬೇಕು, ಏನು ಮಾಡಬಾರದು, ಅದರ ಪಕ್ಕದಲ್ಲಿ ನಿಲ್ಲಬೇಕಾದ ನಾವು ಏನು ತಿಳಿದಿರಬೇಕು ಎಂಬುದನ್ನು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ನಮ್ಮ ಊರಿನ ದುಡಿಮೆ

ಕಾರಟಗಿ ಭತ್ತದ ಊರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ ಈ ಭಾಗದ ಬದುಕೇ ಬದಲಾಯಿತು. ಗದ್ದೆಗಳ ಹಿಂದೆಯೇ ಅಕ್ಕಿ ಗಿರಣಿಗಳು ಬಂದವು, ಗಿರಣಿಗಳ ಹಿಂದೆ ಹಮಾಲರು, ಲಾರಿಯವರು, ಸಣ್ಣ ಅಂಗಡಿಯವರು ಬಂದರು. ಗಂಗಾವತಿ ತಾಲ್ಲೂಕಿನ ಭಾಗವಾಗಿದ್ದ ಕಾರಟಗಿ 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಒಂದಾಯಿತು. ತಾಲ್ಲೂಕು ಎಂದ ಮೇಲೆ ಕಚೇರಿಗಳು, ನೌಕರರು. ಸಂಬಳದವರು ಬಾಡಿಗೆಗೆ ಬಂದಲ್ಲಿ ಕೂಲಿಯವರ ಸರದಿ ಹಿಂದಾಗುತ್ತದೆ.

ಇಲ್ಲಿ ದುಡಿಯುವವರ ಆದಾಯ ಕಾಲುವೆಯ ನೀರನ್ನು ನಂಬಿದೆ. ನಾಟಿ, ಕಟಾವು, ಗಿರಣಿಯ ಸುಗ್ಗಿ ಇದ್ದಾಗ ಕೈತುಂಬ ಕೆಲಸ. ಅದು ಮುಗಿದರೆ ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೂ ಪುಣ್ಯ. ಎರಡನೆಯ ಬೆಳೆಗೆ ನೀರು ಬಿಡದ ವರ್ಷವಂತೂ ತಿಂಗಳುಗಟ್ಟಲೆ ಕೈ ಖಾಲಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ರೈತರಷ್ಟೇ ಕೂಲಿಯವರೂ ನಿದ್ದೆಗೆಟ್ಟದ್ದು ಇದಕ್ಕಾಗಿಯೇ. ಆದಾಯ ಹೀಗೆ ಏರಿಳಿಯುತ್ತದೆ. ಆದರೆ ಬಾಡಿಗೆ ತಿಂಗಳಿಗೊಮ್ಮೆ, ಸಂಘದ ಸಾಲದ ಕಂತು ವಾರಕ್ಕೊಮ್ಮೆ ತಪ್ಪದೆ ಬಂದು ನಿಲ್ಲುತ್ತವೆ. ಕಂತು ತಪ್ಪಿದ ಎಲ್ಲರೂ ಸೋಮಾರಿಗಳಲ್ಲ, ಮೋಸಗಾರರಲ್ಲ ಎಂಬುದನ್ನು ನಾವು ಮೊದಲು ಒಪ್ಪಿಕೊಳ್ಳಬೇಕು.

ಮನೆಯವರ ಮೂರು ಭಯಗಳು

ಮನೆ ಕೊಡುವವರು ಏಕೆ ಹಿಂಜರಿಯುತ್ತಾರೆ? ಅವರಿಗೆ ಮೂರು ಭಯಗಳಿವೆ. ಬಾಡಿಗೆ ಸರಿಯಾಗಿ ಬರುವುದೇ? ಬಿಡಿ ಎಂದಾಗ ಮನೆ ಬಿಡುವರೇ? ಸಾಲ ಕೊಟ್ಟವರು ಬಾಗಿಲಿಗೆ ಬಂದು ಗದ್ದಲ ಮಾಡುವರೇ?

ಮೂರನೆಯ ಭಯ ನಮ್ಮ ಭಾಗದಲ್ಲಿ ದೊಡ್ಡದು. ಗುಂಪಿನ ಸಾಲದಲ್ಲಿ ಒಬ್ಬರು ಕಂತು ತಪ್ಪಿಸಿದರೆ ಉಳಿದ ಹೆಣ್ಣುಮಕ್ಕಳು ತುಂಬಬೇಕಾಗುತ್ತದೆ. ಹಾಗಾಗಿ ವಸೂಲಿಯವರ ಜೊತೆಗೆ ಗುಂಪಿನವರೂ ಬಾಗಿಲಲ್ಲಿ ಬಂದು ಕೂಡುತ್ತಾರೆ. ಓಣಿಯವರು ಇಣುಕಿ ನೋಡುತ್ತಾರೆ. ಮನೆಯ ಯಜಮಾನರಿಗೆ ಅದು ತಮ್ಮ ಮರ್ಯಾದೆಯ ಪ್ರಶ್ನೆಯಾಗಿ ಕಾಣುತ್ತದೆ. ಈ ಭಯಗಳಿಗೆ ಉತ್ತರ ಕೊಡಬಲ್ಲ ಕುಟುಂಬಕ್ಕೆ ಮನೆ ಸಿಗುವ ದಾರಿ ತೆರೆಯುತ್ತದೆ.

ಸಿಬಿಲ್ ಅಂಕ ಎಂದರೇನು?

ಇತ್ತೀಚೆಗೆ "ನಮ್ಮ ಸಿಬಿಲ್ ಕೆಟ್ಟಿದೆ, ಇನ್ನು ನಮಗೆ ಏನೂ ಸಿಗುವುದಿಲ್ಲ" ಎಂದು ಧೈರ್ಯಗೆಡುವವರು ಹೆಚ್ಚುತ್ತಿದ್ದಾರೆ. ಆದ್ದರಿಂದ ಇದನ್ನು ಸರಿಯಾಗಿ ತಿಳಿಯೋಣ.

ನಾವು ಬ್ಯಾಂಕಿನಲ್ಲಾಗಲಿ, ಹಣಕಾಸು ಸಂಸ್ಥೆಯಲ್ಲಾಗಲಿ ಪಡೆದ ಸಾಲ, ಕಟ್ಟಿದ ಮತ್ತು ತಪ್ಪಿಸಿದ ಕಂತು ಇವುಗಳ ದಾಖಲೆಯನ್ನು ಇಡುವ ಕಂಪನಿಗಳಿವೆ. ನಮ್ಮ ದೇಶದಲ್ಲಿ ಇಂಥವು ನಾಲ್ಕು. 2000ದಲ್ಲಿ ಆರಂಭವಾದ ಸಿಬಿಲ್ ಅವುಗಳಲ್ಲಿ ಹಳೆಯದು. ಸಿಬಿಲ್ ಅಂಕ 300ರಿಂದ 900ರ ನಡುವೆ ಇರುತ್ತದೆ. ಅಂಕ ಹೆಚ್ಚಿದ್ದರೆ ಹೊಸ ಸಾಲ ಸುಲಭ, ಕಡಿಮೆಯಿದ್ದರೆ ಕಷ್ಟ. ಎಂದೂ ಸಾಲ ಮಾಡದವರಿಗೆ ಅಂಕವೇ ಇರುವುದಿಲ್ಲ. ಅದು ಅಪರಾಧವಲ್ಲ. 2005ರ ಕಾಯ್ದೆ ಈ ಕಂಪನಿಗಳಿಗೆ ಕಟ್ಟುಪಾಡು ವಿಧಿಸಿದೆ. ನಮ್ಮ ಸಾಲದ ದಾಖಲೆ ಊರಿನ ಮನೆ ಮಾಲೀಕರ ಕೈಗೆ ನೇರವಾಗಿ ಸಿಗುವಂಥದ್ದಲ್ಲ. ಕಾರಟಗಿಯಲ್ಲಿ ಸಾಲುಮನೆ ಕೊಡುವವರು ಅದನ್ನು ಕೇಳುವುದೂ ಇಲ್ಲ. ಅವರು ಕೇಳುವುದು, "ನೀವು ಯಾರ ಕಡೆಯವರು? ಎಲ್ಲಿ ದುಡಿಯುತ್ತೀರಿ? ಮೊದಲು ಯಾರ ಮನೆಯಲ್ಲಿದ್ದಿರಿ?" ಎಂದು. ಆದ್ದರಿಂದ ಅಂಕ ಕೆಟ್ಟಿದೆ ಎಂದು ಮನೆ ಹುಡುಕುವುದನ್ನೇ ಬಿಡಬೇಕಾಗಿಲ್ಲ.

ಹಾಗೆಂದು ಅಂಕವನ್ನು ಮರೆತೂ ಬಿಡಬಾರದು. ಪ್ರತಿ ಕಂಪನಿಯಿಂದಲೂ ವರ್ಷಕ್ಕೊಮ್ಮೆ ನಮ್ಮ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ನಮಗಿದೆ. ಓದಲು ಬರುವ ಮಕ್ಕಳ ಸಹಾಯದಿಂದ ಅದನ್ನು ತರಿಸಿ ನೋಡಿ. ತೀರಿಸಿದ ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿರಬಹುದು, ಬೇರೆಯವರ ಸಾಲ ನಮ್ಮ ಹೆಸರಿಗೆ ಸೇರಿರಬಹುದು. ತಪ್ಪಿದ್ದರೆ ದೂರು ಕೊಡಿ. 30 ದಿನಗಳಲ್ಲಿ ಸರಿಪಡಿಸದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಸಾಲ ಪೂರ್ಣ ತೀರಿಸಿದಾಗ "ಬಾಕಿ ಇಲ್ಲ" ಎಂಬ ಪತ್ರವನ್ನು ತಪ್ಪದೆ ಕೇಳಿ ಪಡೆಯಿರಿ. "ಅರ್ಧ ಕಟ್ಟಿ, ಸೆಟಲ್ ಮಾಡೋಣ" ಎಂದು ಹೇಳುವವರೂ ಇದ್ದಾರೆ. ತೀರಾ ಕಷ್ಟದಲ್ಲಿ ಅದೂ ಒಂದು ದಾರಿಯೇ. ಆದರೆ ವರದಿಯಲ್ಲಿ ಅದು ಪೂರ್ತಿ ತೀರಿದ ಸಾಲ ಎಂದು ಕಾಣುವುದಿಲ್ಲ, ಆ ಗುರುತು ವರ್ಷಗಟ್ಟಲೆ ಉಳಿಯುತ್ತದೆ ಎಂಬುದು ತಿಳಿದಿರಲಿ.

ಕೆಟ್ಟ ತಿಂಗಳ ಲೆಕ್ಕ

ಮನೆ ನೋಡಲು ಹೋಗುವ ಮೊದಲು ಗಂಡ ಹೆಂಡತಿ ಕೂತು ಲೆಕ್ಕ ಹಾಕಬೇಕು. ಸುಗ್ಗಿಯ ತಿಂಗಳ ದುಡಿಮೆ ನೋಡಿ ಬಾಡಿಗೆ ಒಪ್ಪಿಕೊಳ್ಳುವುದು ನಾವು ಮಾಡುವ ದೊಡ್ಡ ತಪ್ಪು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಂಡ ಗಿರಣಿಯಲ್ಲಿ ಹಮಾಲಿ, ಹೆಂಡತಿ ಹೊಲದ ಕೂಲಿ. ಒಳ್ಳೆಯ ತಿಂಗಳಲ್ಲಿ ಇಬ್ಬರದೂ ಸೇರಿ 18,000 ರೂಪಾಯಿ, ಕೆಟ್ಟ ತಿಂಗಳಲ್ಲಿ 9,000. ಸಂಘದ ಸಾಲಕ್ಕೆ ವಾರಕ್ಕೆ 800 ರೂಪಾಯಿ ಕಂತು, ಅಂದರೆ ತಿಂಗಳಿಗೆ ಸುಮಾರು 3,500. ಕೆಟ್ಟ ತಿಂಗಳಲ್ಲಿ ಕಂತು ಕಟ್ಟಿದ ಮೇಲೆ ಉಳಿಯುವುದು 5,500. ಬಾಡಿಗೆ 3,500 ಆದರೆ ಊಟ, ಔಷಧಿ, ಶಾಲೆ ಎಲ್ಲಕ್ಕೂ 2,000 ಮಾತ್ರ. ಮುಂದಿನ ತಿಂಗಳು ಮತ್ತೊಂದು ಸಾಲ ಖಂಡಿತ. ಬಾಡಿಗೆ 2,000 ಆದರೆ 3,500 ಉಳಿಯುತ್ತದೆ. ಪಡಿತರದ ಅಕ್ಕಿ ಇದ್ದರೆ ಹೇಗೋ ದಾಟಬಹುದು.

ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಕಿರುಸಾಲ ಕೊಡುವಾಗ ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಈ ಲೆಕ್ಕದಲ್ಲಿ ಬಾಡಿಗೆ ಸೇರಿಲ್ಲ ಎಂಬುದನ್ನು ಗಮನಿಸಿ. ಸ್ವಂತ ಮನೆ ಇರುವವರಿಗೂ ಬಾಡಿಗೆಯಲ್ಲಿರುವವರಿಗೂ ಒಂದೇ ಅಳತೆ. ಆದ್ದರಿಂದ ಬಾಡಿಗೆಯಲ್ಲಿರುವವರು ತಮಗೆ ತಾವೇ ಇನ್ನೂ ಬಿಗಿಯಾದ ಅಳತೆ ಹಾಕಿಕೊಳ್ಳುವುದು ಒಳ್ಳೆಯದು: ಕಂತು ಮತ್ತು ಬಾಡಿಗೆ ಎರಡೂ ಸೇರಿ ಸರಾಸರಿ ಆದಾಯದ ಅರ್ಧ ಮೀರದಿರಲಿ. ಮೇಲಿನ ಕುಟುಂಬದ ಸರಾಸರಿ 13,500. ಅದರ ಅರ್ಧ 6,750. 2,000ದ ಮನೆಯಾದರೆ ಕಂತು ಸೇರಿ 5,500 ಆಗುತ್ತದೆ, ಅಳತೆಯೊಳಗೆ ಬರುತ್ತದೆ. 3,500ರ ಮನೆಯಾದರೆ 7,000, ಅಳತೆ ಮೀರುತ್ತದೆ. ಒಂದು ಖೋಲಿ ಕಡಿಮೆ ಇರಲಿ, ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ.

2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಬಾಡಿಗೆಗೆ ಎಂದು ಲೆಕ್ಕ ಹಾಕುವವರಿದ್ದಾರೆ. ಅದು ತಡವಾಗಿ ಬರುವ ತಿಂಗಳುಗಳೂ ಇರುತ್ತವೆ. ಬಂದಾಗ ಅದನ್ನು ಕೆಟ್ಟ ತಿಂಗಳಿಗೆಂದು ಎತ್ತಿಡುವುದು ಜಾಣತನ.

ಮುಂಗಡಕ್ಕಾಗಿ ಸಾಲ ಬೇಡ

ಬಡ ಕುಟುಂಬ ಎಡವುವುದು ಹೆಚ್ಚಾಗಿ ಮುಂಗಡದ ಹಂತದಲ್ಲಿ. ಮಾಲೀಕರು 20,000 ಕೇಳುತ್ತಾರೆ ಎನ್ನೋಣ. ಕೈಯಲ್ಲಿ ಇಲ್ಲ. ನೂರಕ್ಕೆ ಮೂರರಂತೆ ಬಡ್ಡಿಗೆ ತಂದು ಕೊಟ್ಟರೆ ತಿಂಗಳಿಗೆ 600 ರೂಪಾಯಿ ಬಡ್ಡಿ. 2,000ದ ಮನೆ ಅಂದಿನಿಂದಲೇ 2,600ರ ಮನೆಯಾಯಿತು. ವರ್ಷಕ್ಕೆ 7,200 ಬಡ್ಡಿ ಕಟ್ಟಿದರೂ ಅಸಲು ಹಾಗೆಯೇ ನಿಂತಿರುತ್ತದೆ.

ಹಾಗಾದರೆ ಏನು ಮಾಡಬೇಕು? ಮುಂಗಡ ಇಳಿಸಿ ಎಂದು ಕೇಳಲು ನಾಚಬಾರದು. ಎರಡು ತಿಂಗಳ ಬಾಡಿಗೆಯಷ್ಟು ಈಗ, ಉಳಿದದ್ದು ಸುಗ್ಗಿಯಲ್ಲಿ ಎಂದು ಕಂತು ಕೇಳಬಹುದು. ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ ಎಂದಿದೆ. ಅದು ರಾಜ್ಯಗಳಿಗೆ ತೋರಿಸಿದ ಮಾದರಿ ಮಾತ್ರ, ಅದನ್ನು ಹಿಡಿದು ನಮ್ಮೂರಿನ ಮಾಲೀಕರನ್ನು ಕಟ್ಟಿಹಾಕಲಾಗದು. ಆದರೂ ನ್ಯಾಯವಾದ ಮುಂಗಡ ಎಷ್ಟು ಎಂಬುದಕ್ಕೆ ಅದೊಂದು ಅಳತೆಗೋಲು. ಬೆಂಗಳೂರಿನಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಹತ್ತು ತಿಂಗಳ ಮುಂಗಡ ಕೇಳುವ ಹಳೆಯ ರೂಢಿ ಎದುರಾಗುತ್ತದೆ. ಅಲ್ಲಿಯೂ ಇದೇ ಮಾತು: ಮುಂಗಡಕ್ಕೆ ಸಾಲ ಮಾಡುವ ಬದಲು ಸ್ವಲ್ಪ ದೂರದ, ಚಿಕ್ಕ ಮನೆ ಮೇಲು.

"ಭೋಗ್ಯಕ್ಕೆ ಕೊಡುತ್ತೇವೆ, ಎರಡು ಲಕ್ಷ ಕೊಡಿ, ಬಾಡಿಗೆಯೇ ಬೇಡ" ಎಂಬ ಮಾತಿಗೂ ಎಚ್ಚರ ಬೇಕು. ಮಾಲೀಕರು ಆ ಮನೆಯನ್ನು ಬ್ಯಾಂಕಿಗೆ ಅಡವಿಟ್ಟಿದ್ದರೆ, ಅವರು ಸಾಲ ಕಟ್ಟದಿದ್ದರೆ, ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳಬಹುದು. ಆಗ ಭೋಗ್ಯದ ಹಣ ಮರಳಿ ಪಡೆಯುವುದು ಬಲು ಕಷ್ಟ. ಆದ್ದರಿಂದ ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ ನೋಡಿ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸದೆ ಹಣ ಕೊಡಬೇಡಿ.

ಕಾಗದವೇ ನಮ್ಮ ಸಾಕ್ಷಿ

ಬಾಡಿಗೆ ಕರಾರನ್ನು ಸಾಮಾನ್ಯವಾಗಿ 11 ತಿಂಗಳಿಗೆ ಬರೆಯುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯವಾದ್ದರಿಂದ ಈ ರೂಢಿ ಬಂದಿದೆ. "ಬಾಯಿ ಮಾತು ಸಾಕು" ಎಂದು ಮಾಲೀಕರು ಹೇಳಿದರೂ ಛಾಪಾ ಕಾಗದದ ಮೇಲೆ ಬರೆಸುವುದು ಇಬ್ಬರಿಗೂ ಕ್ಷೇಮ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ಯಾವ ತಾರೀಕಿನೊಳಗೆ, ನೀರು ಮತ್ತು ಕರೆಂಟು ಯಾರದು, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಮುಂಗಡದಲ್ಲಿ ಯಾವುದಕ್ಕೆ ಹಿಡಿಯಬಹುದು ಎಂಬ ಆರು ಸಂಗತಿಗಳು ಅದರಲ್ಲಿರಲಿ. ಸೇರುವ ದಿನವೇ ಗೋಡೆಯ ಬಿರುಕು, ಮುರಿದ ಕಿಟಕಿ, ಮೀಟರಿನ ಅಂಕಿ ಇವುಗಳ ಫೋಟೋ ತೆಗೆದಿಡಿ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಎಲ್ಲ ಊರಿಗೂ ಎಲ್ಲ ಮನೆಗೂ ಅನ್ವಯಿಸುವುದಿಲ್ಲ. ಅದು ಅನ್ವಯಿಸದ ಕಡೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಇದೆ. ಅದರಂತೆ ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆ ಬಿಡಿಸಲು 15 ದಿನಗಳ ನೋಟಿಸು ಬೇಕು. ರಾತ್ರೋರಾತ್ರಿ ಸಾಮಾನು ಹೊರಗೆ ಹಾಕುವ ಅಧಿಕಾರ ಯಾರಿಗೂ ಇಲ್ಲ.

ಬಾಡಿಗೆಯನ್ನು ಫೋನಿನಿಂದ ಅಥವಾ ಬ್ಯಾಂಕಿನಿಂದ ಕೊಟ್ಟರೆ ಪ್ರತಿ ತಿಂಗಳೂ ದಾಖಲೆಯಾಗುತ್ತದೆ. ನಗದು ಕೊಟ್ಟರೆ ಒಂದು ಚಿಕ್ಕ ಪುಸ್ತಕದಲ್ಲಿ ಸಹಿ ಹಾಕಿಸಿ. ಒಂದು ವರ್ಷ ತಪ್ಪದೆ ಸಹಿ ಬಿದ್ದ ಆ ಪುಸ್ತಕವೇ ಮುಂದಿನ ಮನೆಗೆ ನಮ್ಮ ಅಂಕಪಟ್ಟಿ. ಸಿಬಿಲ್ ಕೆಟ್ಟವರಿಗೂ ಈ ಅಂಕಪಟ್ಟಿ ಗಳಿಸಲು ಅಡ್ಡಿಯಿಲ್ಲ.

ಕರಾರು ಇದ್ದರೆ ಇನ್ನೊಂದು ಲಾಭವಿದೆ. ತಿಂಗಳಿಗೆ 200 ಯೂನಿಟ್‌ವರೆಗಿನ ಗೃಹಜ್ಯೋತಿ ಸೌಲಭ್ಯ ಬಾಡಿಗೆದಾರರಿಗೂ ಉಂಟು. ಹಿಂದೆ ಇದ್ದವರ ಆಧಾರ್ ಆ ಮೀಟರಿಗೆ ಜೋಡಣೆಯಾಗಿದ್ದರೆ ತೆಗೆಸಿ, ನಿಮ್ಮದನ್ನು ಜೋಡಿಸಲು ಜೆಸ್ಕಾಂ ಕಚೇರಿಯಲ್ಲಿ ಕೇಳಿ.

ಸಾಲವನ್ನು ಮುಚ್ಚಿಡಬೇಕೇ?

"ಸಾಲ ಇದೆ ಎಂದರೆ ಮನೆ ಕೊಡುವುದಿಲ್ಲ, ಸುಮ್ಮನಿರು" ಎಂದು ಸಲಹೆ ಕೊಡುವವರು ಬಹಳ. ಆದರೆ ಎರಡನೆಯ ವಾರವೇ ವಸೂಲಿಯವರು ಬಾಗಿಲಿಗೆ ಬಂದಾಗ ಮಾಲೀಕರಿಗೆ ಸಾಲಕ್ಕಿಂತ ಸುಳ್ಳೇ ದೊಡ್ಡದಾಗಿ ಕಾಣುತ್ತದೆ. ಮೊದಲೇ ಹೀಗೆ ಹೇಳಿದರೆ ಹೇಗಿರುತ್ತದೆ?

"ಅಣ್ಣಾರ, ನಮ್ದು ಸಂಘದ ಸಾಲ ಐತ್ರಿ. ವಾರಕ್ಕ ಎಂಟ್ನೂರು ಕಂತು. ಮುಚ್ಚಿಡಾಂಗಿಲ್ರಿ. ಬಾಡಿಗಿ ಮಾತ್ರ ಐದನೇ ತಾರೀಕಿನೊಳಗ ನಿಮ್ಮ ಕೈಗೆ ಕೊಡ್ತೀವ್ರಿ. ಬೇಕಂದ್ರ ಮೊದಲಿನ ಮನಿಯವ್ರನ್ನ ಕೇಳ್ರಿ."

ಈ ಮಾತು ಕೇಳಿ ಎಲ್ಲರೂ ಮನೆ ಕೊಡುತ್ತಾರೆ ಎಂದು ನಾವು ಹೇಳುವುದಿಲ್ಲ. ಆದರೆ ಕೊಟ್ಟವರು ಮೂರು ತಿಂಗಳಲ್ಲಿ ಬಿಡಿಸುವುದಿಲ್ಲ.

ವಸೂಲಿಯವರಿಗೂ ಮಿತಿ ಇದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಿರುಸಾಲದ ವಸೂಲಿ ಒಪ್ಪಿಕೊಂಡ ಜಾಗದಲ್ಲೇ ಆಗಬೇಕು. ಸಾಲಗಾರರು ಎರಡು ಅಥವಾ ಹೆಚ್ಚು ಬಾರಿ ಸತತವಾಗಿ ಅಲ್ಲಿಗೆ ಬಾರದಿದ್ದಾಗ ಮಾತ್ರ ಮನೆಗೆ ಬರಬಹುದು. ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರನ್ನು ಕಾಡುವುದು ತಪ್ಪು. ಆದ್ದರಿಂದ ಹಣವಿಲ್ಲದ ವಾರವೂ ಸಭೆಗೆ ಹೋಗಿ ಮುಖ ತೋರಿಸಿ, "ಮುಂದಿನ ವಾರ ಇಷ್ಟು ಕೊಡುತ್ತೇವೆ" ಎಂದು ಹೇಳಿ ಬರುವುದು ಮನೆಯ ಬಾಗಿಲನ್ನು ಕಾಯುತ್ತದೆ. ತಪ್ಪಿಸಿಕೊಂಡರೆ ಅವರು ಬಾಗಿಲಿಗೆ ಬರಲು ನಾವೇ ದಾರಿ ಮಾಡಿಕೊಟ್ಟಂತೆ.

ಕಿರುಕುಳ ಮೀರಿದರೆ ಮೊದಲು ಆ ಸಂಸ್ಥೆಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಬೆದರಿಕೆ, ಬಲಾತ್ಕಾರ ನಡೆದರೆ ಕಾಯದೆ ಪೊಲೀಸರಿಗೆ ಹೇಳಿ. ಕಿರುಸಾಲದ ಕಿರುಕುಳದಿಂದ ಜನ ಊರು ಬಿಟ್ಟ ಸುದ್ದಿಗಳು ಬಂದ ಮೇಲೆ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು, ಅದು ಮುಂದೆ ಕಾಯ್ದೆಯಾಯಿತು. ತಪ್ಪಿತಸ್ಥರಿಗೆ ಹತ್ತು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಇದರಿಂದ ನೋಂದಾಯಿತ ಸಂಸ್ಥೆಗಳಿಂದ ಪಡೆದ ಸಾಲ ಮನ್ನಾ ಆಯಿತು ಎಂದು ಯಾರೂ ಭಾವಿಸಬಾರದು. ಆ ಸಾಲ ತೀರಿಸಲೇಬೇಕು. ವಕೀಲರ ನೆರವು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಈ ನೆರವು ಉಚಿತ.

ನಾವು ಏನು ಮಾಡಬಹುದು?

ನಮ್ಮ ಧರ್ಮಕೇಂದ್ರಗಳಲ್ಲಿ ಬಾಡಿಗೆಗೆ ಇರುವವರೂ ಇದ್ದಾರೆ, ಎರಡು ಖೋಲಿ ಬಾಡಿಗೆಗೆ ಕೊಟ್ಟು ಬದುಕುವವರೂ ಇದ್ದಾರೆ. ಆ ಎರಡು ಖೋಲಿಯ ಬಾಡಿಗೆಯೇ ಅವರ ಔಷಧಿಯ ಹಣವಾಗಿರಬಹುದು. ಅವರ ಭಯವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಆದರೆ ಜಾತಿ, ಧರ್ಮ, ಅಡುಗೆಯ ವಾಸನೆ ಕೇಳಿ ಬಾಗಿಲು ಮುಚ್ಚುವುದು ಬೇರೆ, ಬಾಡಿಗೆ ಬರುವುದೇ ಎಂದು ವಿಚಾರಿಸುವುದು ಬೇರೆ. ಮೊದಲನೆಯದನ್ನು ನಮ್ಮಲ್ಲಿ ಅನೇಕರು ಅನುಭವಿಸಿದ್ದೇವೆ. ನಾವು ಮನೆ ಕೊಡುವ ಜಾಗದಲ್ಲಿ ಕೂತಾಗ ಅದೇ ಮಾತನ್ನು ಇನ್ನೊಬ್ಬರಿಗೆ ಆಡದಿರೋಣ.

ಮನೆ ಇಲ್ಲದ ನಾವು ಕೊಡಬಲ್ಲದ್ದು ನಮ್ಮ ಮಾತು. "ಇವರನ್ನು ಹತ್ತು ವರ್ಷದಿಂದ ಬಲ್ಲೆವು" ಎಂದು ಪರಿಚಿತರೊಬ್ಬರು ಜೊತೆಗೆ ಹೋಗಿ ಹೇಳಿದರೆ ಕಾರಟಗಿಯಂಥ ಊರಿನಲ್ಲಿ ಅದಕ್ಕೆ ಯಾವ ಅಂಕಕ್ಕಿಂತಲೂ ಹೆಚ್ಚು ಬೆಲೆ. ಬರೆದುಕೊಡುವಾಗ ಮಾತ್ರ ಮಿತಿ ಇರಲಿ: "ಎರಡು ತಿಂಗಳ ಬಾಡಿಗೆಗೆ ಮಾತ್ರ ನಾವು ಜವಾಬ್ದಾರರು" ಎಂದು ಸ್ಪಷ್ಟವಾಗಿ ಬರೆಯಿರಿ. ಇನ್ನೊಬ್ಬರಿಗೆ ಜಾಮೀನು ನಿಂತು ನಮ್ಮ ಮನೆಯನ್ನೇ ಕಳೆದುಕೊಳ್ಳುವುದು ಪರೋಪಕಾರವಲ್ಲ. ಧರ್ಮಕೇಂದ್ರದಲ್ಲಿ ಸಂತ ವಿನ್ಸೆಂಟ್ ದೆ ಪಾಲ್ ಸಭೆ ಇದ್ದರೆ ಮುಂಗಡದ ಒಂದು ಭಾಗವನ್ನು ಬಡ್ಡಿಯಿಲ್ಲದೆ ಕೊಟ್ಟು, ಸುಗ್ಗಿಯಲ್ಲಿ ಮರಳಿ ಪಡೆಯುವ ಏರ್ಪಾಡನ್ನು ಯೋಚಿಸಬಹುದು. ಮರಳಿ ಬಂದ ಹಣ ಮತ್ತೊಂದು ಕುಟುಂಬಕ್ಕೆ ಬಾಗಿಲು ತೆರೆಯುತ್ತದೆ.

ಪ್ರಿಯರೇ, ಈ ಸಲದ ಗೋದಲಿ ಕಟ್ಟುವಾಗ ನಮ್ಮ ಓಣಿಯಲ್ಲಿ ಮನೆ ಹುಡುಕುತ್ತಿರುವ ಒಂದು ಕುಟುಂಬವನ್ನು ನೆನೆಯೋಣ. ಅವರ ಜೊತೆಗೆ ಕೂತು ಕೆಟ್ಟ ತಿಂಗಳ ಲೆಕ್ಕ ಹಾಕೋಣ, ಬಡ್ಡಿ ಸಾಲಕ್ಕೆ ಹೋಗದಂತೆ ತಡೆಯೋಣ, ಖಾಲಿ ಇರುವ ಮನೆಯ ಬಾಗಿಲಿಗೆ ಅವರೊಡನೆ ನಾಲ್ಕು ಹೆಜ್ಜೆ ನಡೆಯೋಣ. ನಿಮ್ಮೆಲ್ಲರ ಮನೆಗಳಲ್ಲಿ ನೆಮ್ಮದಿ ನೆಲೆಸಲಿ.